ಹಿಮ್ಮಡಿ ನೋವು ಯಾವಾಗ ವಾಸಿಯಾದೀತು?

ರಂಪಣಿ ಬಲೆ ಎಳೆಯುವಾಗ ಮೈಭಾರವೆಲ್ಲ ಎಲ್ಲಿ ಬೀಳುತ್ತದೆ ಎಂಬುದು ಕಾರವಾರದ ಕಡಲತೀರದಲ್ಲಿ ಸ್ವಲ್ಪ ಹೊತ್ತು ನಿಂತು ಗಮನಿಸಿದರೆ ತಿಳಿಯುತ್ತದೆ. ಹಗ್ಗ ಹಿಡಿದ ಸಾಲು ಹಿಂದಕ್ಕೆ ವಾಲಿ ಒಂದೊಂದೇ ಹೆಜ್ಜೆ ಸರಿಯುತ್ತದೆ. ನಮ್ಮ ಕಣ್ಣು ಹೋಗುವುದು ತೋಳು, ಭುಜಗಳ ಕಡೆಗೆ. ಕೆಳಗೆ ನೋಡಿ. ಪ್ರತಿ ಹೆಜ್ಜೆಗೂ ಹಿಮ್ಮಡಿ ಮೆತ್ತನೆ ಮರಳಿನಲ್ಲಿ ಹೂತು ಮುಂಗಾಲಿಗಿಂತ ಕೆಳಗಿಳಿಯುತ್ತದೆ. ಮೀನಖಂಡದಿಂದ ಹಿಮ್ಮಡಿಗೆ ಬಂದು ಸೇರುವ ದಪ್ಪ ನರ ಪೂರ್ತಿ ಜಗ್ಗಿ ನಿಲ್ಲುತ್ತದೆ. ಬಲೆ ದಡಕ್ಕೆ ಬರುವವರೆಗೂ ಅದಕ್ಕೆ ಬಿಡುವಿಲ್ಲ.

ವೈದ್ಯರು ಅಕಿಲಿಸ್ ಟೆಂಡನ್ ಎನ್ನುವುದು, ಆಡುಮಾತಿನಲ್ಲಿ ನಾವು ನರ ಎನ್ನುವುದು, ಸ್ನಾಯುವನ್ನು ಮೂಳೆಗೆ ಕಟ್ಟುವ ಈ ಹುರಿಯನ್ನೇ. ದೇಹದಲ್ಲಿರುವ ಟೆಂಡನ್‌ಗಳಲ್ಲೆಲ್ಲ ದಪ್ಪನೆಯದೂ ಗಟ್ಟಿಯಾದದ್ದೂ ಇದೇ. ಓಡುವಾಗ ಇದರ ಮೇಲೆ ಮೈತೂಕದ 6ರಿಂದ 8 ಪಟ್ಟು ಸೆಳೆತ ಬೀಳುತ್ತದೆ. ಅರವತ್ತು ಕಿಲೋ ತೂಗುವವರಿಗೆ ಅದು ಸುಮಾರು ನಾನೂರು ಕಿಲೋ. ಇಷ್ಟು ಹೊರುವ ಅಂಗ ಒಮ್ಮೆ ನೋಯಲು ಹಿಡಿದರೆ ಬೇಗ ಬಿಡುವುದಿಲ್ಲ. ಬೆಳಿಗ್ಗೆ ಹಾಸಿಗೆಯಿಂದೆದ್ದು ಬಚ್ಚಲಿಗೆ ಹೋಗುವ ಮೊದಲ ಹತ್ತು ಹೆಜ್ಜೆ ಕುಂಟು, ಆಮೇಲೆ ಸಡಿಲ, ಮಧ್ಯಾಹ್ನದ ಹೊತ್ತಿಗೆ ಮರೆತೇ ಹೋದಂತೆ, ಮರುದಿನ ಮತ್ತೆ ಅದೇ. ಮೂರು ತಿಂಗಳು ದಾಟಿದರೆ ಅದು ಹಳೆಯ ನೋವಿನ ಲೆಕ್ಕಕ್ಕೆ ಸೇರುತ್ತದೆ.

ಕಾರವಾರ–ಅಂಕೋಲಾ ಕಡೆಯ ಬದುಕಿನಲ್ಲಿ ಈ ನರಕ್ಕೆ ಕೆಲಸ ಕಡಿಮೆಯೇನಿಲ್ಲ. ಬೈತಖೋಲ, ಬೇಲೇಕೇರಿ ಬಂದರುಗಳಲ್ಲಿ ದೋಣಿಯಿಂದ ಧಕ್ಕೆಗೆ ಜಿಗಿಯುವವರು, ಮೀನಿನ ಬುಟ್ಟಿ ತಲೆಮೇಲಿಟ್ಟು ಮನೆಮನೆ ತಿರುಗುವ ಹೆಂಗಸರು, ಪೊಲೀಸ್ ನೇಮಕಾತಿಯ 1600 ಮೀಟರ್ ಓಟಕ್ಕೆಂದು ಟಾಗೋರ್ ಕಡಲತೀರದಲ್ಲಿ ಅಭ್ಯಾಸ ಮಾಡುವ ಹುಡುಗರು, ರಾತ್ರಿಯಿಡೀ ರಂಗದ ಮೇಲೆ ಮಂಡಿ ಕುಣಿತ ಹಾಕುವ ಯಕ್ಷಗಾನ ಕಲಾವಿದರು, ಹೋಳಿಯ ಹೊತ್ತಿಗೆ ತುರಾಯಿ ಕಟ್ಟಿ ಸುಗ್ಗಿ ಕುಣಿಯುವ ಹಾಲಕ್ಕಿ ಗೌಡರು. ಇವರೆಲ್ಲರ ದುಡಿಮೆಯೂ ಸಂಭ್ರಮವೂ ಹಿಮ್ಮಡಿಯ ಮೇಲೆ ನಿಂತಿವೆ. ಹಾಗಾಗಿ ನೋವು ಬಂದಾಗ ಅವರು ಕೇಳುವ ಮೊದಲ ಪ್ರಶ್ನೆ ರೋಗದ ಹೆಸರು ಏನೆಂದಲ್ಲ. ಎಂದಿಗೆ ವಾಸಿಯಾಗುತ್ತದೆ, ಮತ್ತೆ ಕೆಲಸಕ್ಕೆ ಹೋಗಬಹುದೇ ಎಂದು.

ಇದಕ್ಕೆ ತಾರೀಖು ಕೊಟ್ಟು ಉತ್ತರಿಸುವುದು ಯಾರಿಂದಲೂ ಆಗದು. ಕ್ರಿಕೆಟ್ ನೋಡುವವರಿಗೆ ಮೊಹಮ್ಮದ್ ಶಮಿಯ ಪ್ರಸಂಗ ನೆನಪಿರಬಹುದು. 2023ರ ವಿಶ್ವಕಪ್‌ನಲ್ಲಿ ಏಳೇ ಪಂದ್ಯಗಳಲ್ಲಿ 24 ವಿಕೆಟ್ ಪಡೆದ ಅವರು 2024ರ ಫೆಬ್ರವರಿಯಲ್ಲಿ ಇದೇ ನರಕ್ಕೆ ಲಂಡನ್‌ನಲ್ಲಿ ಶಸ್ತ್ರಚಿಕಿತ್ಸೆ ಮಾಡಿಸಿಕೊಂಡರು. ಸೆಪ್ಟೆಂಬರ್‌ನ ಬಾಂಗ್ಲಾದೇಶ ಸರಣಿಗೆ ಮರಳಬಹುದೆಂಬ ನಿರೀಕ್ಷೆಯಿತ್ತು. ಬೆಂಗಳೂರಿನ ರಾಷ್ಟ್ರೀಯ ಕ್ರಿಕೆಟ್ ಅಕಾಡೆಮಿಯಲ್ಲಿ ಚೇತರಿಸಿಕೊಳ್ಳುತ್ತಿದ್ದಾಗ ನಡುವೆ ಮೊಣಕಾಲು ಊದಿಕೊಂಡಿತು. ಕೊನೆಗೆ ರಣಜಿ ಪಂದ್ಯದಲ್ಲಿ ಬಂಗಾಳದ ಪರ ಚೆಂಡು ಹಿಡಿದಾಗ ನವೆಂಬರ್ ಬಂದಿತ್ತು. ದೇಶದ ಉತ್ತಮ ತಜ್ಞರು ಬೆನ್ನಿಗಿದ್ದವರ ಪಾಡೇ ಹೀಗೆ. ಆದರೆ ತಾರೀಖು ಹೇಳಲಾಗದು ಎಂದಮಾತ್ರಕ್ಕೆ ಏನನ್ನೂ ಹೇಳಲಾಗದು ಎಂದಲ್ಲ. ಸರಿಯಾದ ಕಡೆ ನೋಡಿದರೆ ನಿಮ್ಮ ಕಾಲೇ ಸಾಕಷ್ಟು ಹೇಳುತ್ತದೆ.

ಯಾವುದನ್ನು ನಂಬಬಾರದು

ಹೆಚ್ಚಿನವರು ಮೊದಲು ನಂಬುವುದು ಸ್ಕ್ಯಾನ್ ವರದಿಯನ್ನು. ನರ ದಪ್ಪಗಾಗಿದೆ, ಒಳಗೆ ಹೊಸ ರಕ್ತನಾಳ ಬಂದಿವೆ, ಎಳೆಗಳು ಅಸ್ತವ್ಯಸ್ತವಾಗಿವೆ ಎಂದೆಲ್ಲ ಅದರಲ್ಲಿ ಬರೆದಿರುತ್ತದೆ. ಓದಿದವರ ಎದೆ ಒಡೆಯುತ್ತದೆ. ಸ್ಕ್ಯಾನ್ ಬೇಕಾಗುವುದು ರೋಗ ಇದೇ ಹೌದೋ ಅಲ್ಲವೋ ಎಂಬ ಅನುಮಾನ ಇದ್ದಾಗ. ಮುಂದೆ ವಾಸಿಯಾದೀತೇ ಎಂಬ ಪ್ರಶ್ನೆಗೆ ಅದರಲ್ಲಿ ಉತ್ತರವಿಲ್ಲ. ಚಿತ್ರದಲ್ಲಿ ನರ ಹಾಗೇ ಉಳಿದು ನೋವು ಪೂರ್ತಿ ಹೋದವರಿದ್ದಾರೆ. ಚಿತ್ರದಲ್ಲಿ ಅಷ್ಟೇನೂ ಕಾಣದೆ ಕುಂಟುವವರೂ ಇದ್ದಾರೆ. ಎಕ್ಸ್‌ರೇಯಲ್ಲಿ ಕಾಣುವ ಹಿಮ್ಮಡಿಯ ಮುಳ್ಳಿನ ಮಾತೂ ಇದೇ. ನೋವೇ ಇಲ್ಲದ ಎಷ್ಟೋ ಜನರಲ್ಲಿ ಅಂಥ ಮುಳ್ಳು ಇರುತ್ತದೆ.

ಎರಡನೆಯದು, ನೋವು ಎಷ್ಟು ಹಳೆಯದು ಎಂಬ ಚಿಂತೆ. ‘ವರ್ಷವಾಯಿತು, ಇನ್ನು ಹೋಗುವುದಿಲ್ಲ’ ಎಂದು ಕೈಚೆಲ್ಲುವವರು ಬಹಳ. ಸ್ವೀಡನ್‌ನ ಉಮಿಯೋ ನಗರದ ಮೂಳೆತಜ್ಞ ಹೋಕನ್ ಆಲ್ಫ್ರೆಡ್ಸನ್ 1998ರಲ್ಲಿ ಪ್ರಕಟಿಸಿದ ಅಧ್ಯಯನವನ್ನು ಅವರಿಗಾಗಿಯೇ ಹೇಳಬೇಕು. ಅದರಲ್ಲಿದ್ದ 15 ಓಟಗಾರರಿಗೆ ಸರಾಸರಿ ಒಂದೂವರೆ ವರ್ಷದ ನೋವು. ಬೇರೆ ಚಿಕಿತ್ಸೆಗಳೆಲ್ಲ ಸೋತು ಶಸ್ತ್ರಚಿಕಿತ್ಸೆಗೆ ಸರದಿಯಲ್ಲಿದ್ದವರು. ಮೆಟ್ಟಿಲ ಅಂಚಿನಲ್ಲಿ ನಿಂತು ಹಿಮ್ಮಡಿಯನ್ನು ನಿಧಾನವಾಗಿ ಕೆಳಗಿಳಿಸುವ ವ್ಯಾಯಾಮವನ್ನು ದಿನಕ್ಕೆರಡು ಹೊತ್ತಿನಂತೆ 12 ವಾರ ಮಾಡಿಸಿದರು. ಹದಿನೈದೂ ಜನ ಮತ್ತೆ ಓಡಿದರು. ಆಮೇಲಿನ ಅಧ್ಯಯನಗಳಲ್ಲಿ ಫಲಿತಾಂಶ ಇಷ್ಟು ಚೊಕ್ಕವಾಗಿ ಬಂದಿಲ್ಲ, ನಿಜ. ಹಳೆಯ ನೋವು ಎಂದರೆ ಹೋಗದ ನೋವು ಎಂದಲ್ಲ ಎನ್ನುವುದು ಮಾತ್ರ ಅಂದಿನಿಂದ ಗಟ್ಟಿಯಾಯಿತು.

ಮೂರನೆಯದು, ಇಂದಿನ ನೋವು. ಒಂದು ದಿನ ಜಾಸ್ತಿ, ಒಂದು ದಿನ ಕಡಿಮೆ ಎನ್ನುವುದು ಈ ಕಾಯಿಲೆಯ ಸ್ವಭಾವ. ಎರಡು ದಿನದ ಏರಿಳಿತ ನೋಡಿ ಭವಿಷ್ಯ ಹೇಳಹೋದರೆ ಮನಸ್ಸು ಕೆಡುವುದು ಬಿಟ್ಟು ಬೇರೇನೂ ಆಗದು.

ಯಾವುದು ಹೇಳುತ್ತದೆ

ಮೊದಲನೆಯದು ಜಾಗ. ಹೆಬ್ಬೆರಳು, ತೋರುಬೆರಳುಗಳ ನಡುವೆ ನರವನ್ನು ಹಿಡಿದು ಕೆಳಗಿನಿಂದ ಮೇಲಕ್ಕೆ ಮೆಲ್ಲಗೆ ಒತ್ತುತ್ತ ಹೋಗಿ. ಹಿಮ್ಮಡಿ ಮೂಳೆಯಿಂದ ಎರಡು ಬೆರಳು ಮೇಲಿನಿಂದ ಶುರುವಾಗಿ ನಾಲ್ಕು ಬೆರಳವರೆಗಿನ ಭಾಗ ನೋಯುತ್ತಿದ್ದರೆ, ಅಲ್ಲಿ ಗಂಟಿನಂತೆ ದಪ್ಪಗೆ ಸಿಕ್ಕರೆ, ಅದು ನಡುಭಾಗದ ಕಾಯಿಲೆ. ನರ ಬಂದು ಮೂಳೆಗೆ ಅಂಟಿಕೊಳ್ಳುವಲ್ಲೇ, ಚಪ್ಪಲಿಯ ಹಿಂಬದಿ ತಾಗುವ ಜಾಗದಲ್ಲೇ ನೋವಿದ್ದರೆ ಅದು ಬೇರೆ ಬಗೆ. 2003ರಲ್ಲಿ ಸ್ವೀಡನ್‌ನಲ್ಲಿ ಎರಡೂ ಬಗೆಯವರಿಗೆ ಒಂದೇ ವ್ಯಾಯಾಮ ಮಾಡಿಸಿ ನೋಡಿದರು. ನಡುಭಾಗದ ನೋವಿನವರಲ್ಲಿ ಶೇಕಡಾ 89ರಷ್ಟು ಒಳ್ಳೆಯ ಫಲ. ಮೂಳೆಗಂಟಿದ ಜಾಗದ ನೋವಿನಲ್ಲಿ ಶೇಕಡಾ 32 ಮಾತ್ರ. ಐದು ವರ್ಷದ ನಂತರ ಎರಡನೆಯ ಬಗೆಯವರಿಗೆ ಹಿಮ್ಮಡಿಯನ್ನು ನೆಲಮಟ್ಟಕ್ಕಿಂತ ಕೆಳಗಿಳಿಸದಂತೆ ವ್ಯಾಯಾಮ ಬದಲಿಸಿದಾಗ ಸುಮಾರು ಮೂರರಲ್ಲಿ ಎರಡು ಪಾಲು ಸುಧಾರಿಸಿತು. ಎಂದರೆ ಜಾಗ ತಿಳಿಯದೆ ಮಾಡಿದ ವ್ಯಾಯಾಮ ಸೋತರೆ ತಪ್ಪು ಕಾಲಿನದಲ್ಲ.

ಎರಡನೆಯದು ಕಾಲಿನ ಬಲ. ಗೋಡೆಗೆ ಬೆರಳ ತುದಿ ತಾಗಿಸಿ, ಮೊಣಕಾಲು ನೇರ ಇಟ್ಟು, ಒಂದೇ ಕಾಲಿನ ಮುಂಗಾಲ ಮೇಲೆ ಎದ್ದು ನಿಧಾನ ಇಳಿಯಿರಿ. ಎಷ್ಟು ಸಲ ಆಗುತ್ತದೆ? ಹಿಮ್ಮಡಿ ಪೂರ್ತಿ ಮೇಲೇಳದೆ ಅರ್ಧಕ್ಕೆ ನಿಲ್ಲತೊಡಗಿದಲ್ಲಿಗೆ ಎಣಿಕೆ ಮುಗಿಸಿ. ಎರಡೂ ಕಾಲಿನ ಲೆಕ್ಕ ಬರೆದಿಡಿ. ಆರೋಗ್ಯವಂತ ತರುಣರಿಗೆ 25ರ ಆಸುಪಾಸು ಸಾಮಾನ್ಯ, ವಯಸ್ಸಾದಂತೆ ಇಳಿಯುತ್ತದೆ. ನಿಮ್ಮ ಎಣಿಕೆಯನ್ನು ಬೇರೆಯವರ ಎಣಿಕೆಗೆ ಹೋಲಿಸಬೇಡಿ, ನಿಮ್ಮದೇ ಒಳ್ಳೆಯ ಕಾಲಿಗೆ ಹೋಲಿಸಿ. ನೋವು ಹೋದದ್ದೇ ವಾಸಿಯಾದದ್ದು ಎಂದು ತಿಳಿಯುವವರಿಗೆ ಈ ಪರೀಕ್ಷೆ ಬಹಳ ಮುಖ್ಯ. ಸಂಶೋಧಕಿ ಕರಿನ್ ಸಿಲ್ಬರ್ನಾಗಲ್ ತಂಡ 2007ರಲ್ಲಿ ನೋವು ಪೂರ್ತಿ ಹೋಗಿದ್ದ 16 ಜನರ ಕಾಲಿನ ಬಲ ಅಳೆದಾಗ ನಾಲ್ವರಲ್ಲಿ ಮಾತ್ರ ಬಲವೂ ಪೂರ್ತಿ ಮರಳಿತ್ತು. ಉಳಿದವರ ಕಾಲು ನೋಯುತ್ತಿರಲಿಲ್ಲ, ಆದರೆ ಸೋತೇ ಇತ್ತು. ನನ್ನ ಅಭಿಪ್ರಾಯದಲ್ಲಿ, ನೋವು ವಾಸಿಯಾದವರು ಮತ್ತೆ ಮತ್ತೆ ಅದೇ ನೋವಿಗೆ ಬೀಳುವುದರ ಗುಟ್ಟು ಬಹುಪಾಲು ಇಲ್ಲಿದೆ.

ಮೂರನೆಯದು ಭಯ. ಚಿಕಿತ್ಸೆಯಾದ ಐದು ವರ್ಷದ ಬಳಿಕ ಸಿಲ್ಬರ್ನಾಗಲ್ ತಂಡ ತನ್ನ ರೋಗಿಗಳನ್ನು ಮತ್ತೆ ಕರೆಸಿ ನೋಡಿತು. ಸುಮಾರು ಶೇಕಡಾ 80 ಜನ ಪೂರ್ತಿ ಗುಣವಾಗಿದ್ದರು. ಆದರೆ ಕಾಲು ಅಲ್ಲಾಡಿಸಿದರೆ ಇನ್ನಷ್ಟು ಕೆಡುತ್ತದೆ ಎಂದು ಹೆಚ್ಚು ಹೆದರಿದವರಲ್ಲಿ ಬಲ ಮರಳಿದ್ದು ಕಡಿಮೆ. ‘ಅಲ್ಲಾಡಿಸಬೇಡ, ಹರಿದುಹೋದೀತು’ ಎಂದು ಮನೆಯವರು ಪ್ರೀತಿಯಿಂದಲೇ ಹೇಳುತ್ತಾರೆ. ಆ ಪ್ರೀತಿಯನ್ನು ವ್ಯಾಯಾಮ ನೆನಪಿಸುವುದಕ್ಕೆ ತಿರುಗಿಸಿದರೆ ಒಳ್ಳೆಯದು.

ನಾಲ್ಕನೆಯದು ಮೈಯ ಉಳಿದ ಸ್ಥಿತಿ. ಸಕ್ಕರೆ ಕಾಯಿಲೆ, ಹೆಚ್ಚಿದ ತೂಕ, ಕೊಲೆಸ್ಟರಾಲ್ ಇವೆಲ್ಲ ನರವನ್ನು ಒಳಗಿನಿಂದ ಬಾಧಿಸುತ್ತವೆ. ಮುಟ್ಟು ನಿಂತ ಹೆಂಗಸರಲ್ಲೂ ಈ ನೋವು ಕಾಣುವುದುಂಟು. ಔಷಧಿಯ ವಿಷಯವನ್ನಂತೂ ಒತ್ತಿ ಹೇಳಬೇಕು. ಸಿಪ್ರೋಫ್ಲಾಕ್ಸಾಸಿನ್, ಲಿವೋಫ್ಲಾಕ್ಸಾಸಿನ್, ಆಫ್ಲಾಕ್ಸಾಸಿನ್ ಗುಂಪಿನ ಮಾತ್ರೆಗಳು ಈ ನರವನ್ನು ನೋಯಿಸಬಲ್ಲವು, ಅಪರೂಪಕ್ಕೆ ಹರಿಯುವಂತೆಯೂ ಮಾಡಬಲ್ಲವು. ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ 2008ರಲ್ಲೇ ಇವುಗಳ ಮೇಲೆ ಕಟ್ಟುನಿಟ್ಟಿನ ಎಚ್ಚರಿಕೆ ಮುದ್ರಿಸಲು ಹೇಳಿದೆ. ಅರವತ್ತು ದಾಟಿದವರಿಗೆ, ಸ್ಟೀರಾಯ್ಡ್ ಮಾತ್ರೆ ತೆಗೆದುಕೊಳ್ಳುತ್ತಿರುವವರಿಗೆ ಅಪಾಯ ಹೆಚ್ಚು. ಭೇದಿಗೆಂದೋ ಉರಿಮೂತ್ರಕ್ಕೆಂದೋ ಅಂಗಡಿಯಲ್ಲಿ ಕೇಳಿ ತಂದ ಮಾತ್ರೆ ಇದೇ ಆಗಿರಬಹುದು. ಹಿಮ್ಮಡಿ ನೋವಿದ್ದವರು ಯಾವ ಮಾತ್ರೆ ಬರೆಸಿಕೊಳ್ಳುವಾಗಲೂ ವೈದ್ಯರಿಗೆ ಅದನ್ನು ತಿಳಿಸಿ.

ಎಲ್ಲ ಕೂಡಿಸಿ ನೋಡಿದರೆ ಚಿತ್ರ ಹೀಗಿದೆ. ಹೆಚ್ಚಿನವರು ಸುಧಾರಿಸುತ್ತಾರೆ. ಸುಧಾರಣೆ ಗೊತ್ತಾಗಲು ಮೂರು ತಿಂಗಳು, ಗಟ್ಟಿಯಾಗಲು ಆರು ತಿಂಗಳಿಂದ ವರ್ಷ. ನೆದರ್‌ಲ್ಯಾಂಡ್ಸ್‌ನ ತಜ್ಞರು 2021ರಲ್ಲಿ ಹೊರತಂದ ಮಾರ್ಗಸೂಚಿಯ ಪ್ರಕಾರ ನಾಲ್ಕರಲ್ಲೊಬ್ಬರಿಂದ ಮೂರರಲ್ಲೊಬ್ಬರವರೆಗೆ ವರ್ಷಗಳ ಮೇಲೂ ಸ್ವಲ್ಪ ನೋವು ಉಳಿಯುತ್ತದೆ. ಉಳಿದ ಆ ನೋವಿನಲ್ಲೂ ದುಡಿಮೆ, ಓಡಾಟ ನಡೆಸಲು ಬಹಳ ಜನರಿಗೆ ಸಾಧ್ಯ.

ಒಂದು ನೋಟ್‌ಬುಕ್, ಹನ್ನೆರಡು ವಾರ

ಮಕ್ಕಳ ಹಳೆಯ ನೋಟ್‌ಬುಕ್ ಸಾಕು. ದಿನವೂ ಬೆಳಿಗ್ಗೆ ಮೊದಲ ಹತ್ತು ಹೆಜ್ಜೆಯ ನೋವಿಗೆ ಸೊನ್ನೆಯಿಂದ ಹತ್ತರವರೆಗೆ ಅಂಕ ಕೊಡಿ. ಪಕ್ಕದಲ್ಲಿ ಹಿಂದಿನ ದಿನ ಏನು ಮಾಡಿದಿರಿ ಎಂದು ಬರೆಯಿರಿ: ಬಲೆ ಎಳೆದದ್ದು, ಗದ್ದೆ ಕೆಲಸ, ಪೇಟೆಗೆ ನಡೆದದ್ದು. ಎರಡು ವಾರಕ್ಕೊಮ್ಮೆ ಒಂಟಿಕಾಲಿನ ಎಣಿಕೆ ಬರೆಯಿರಿ. ಮೆಲ್ಬರ್ನ್‌ನ ಸಂಶೋಧಕರು 2001ರಲ್ಲಿ ರೂಪಿಸಿದ, ಎಂಟು ಪ್ರಶ್ನೆಗಳಿಗೆ ನೂರು ಅಂಕದ ‘ವೀಸಾ-ಎ’ ಎಂಬ ಪ್ರಶ್ನಾವಳಿಯೂ ಇದೆ; ಫಿಸಿಯೊಥೆರಪಿಸ್ಟರು ಅದನ್ನು ತುಂಬಿಸಿಕೊಡಬಲ್ಲರು. ಅದು ಸಿಗದಿದ್ದರೂ ನಿಮ್ಮ ನೋಟ್‌ಬುಕ್ ಸಾಕಷ್ಟು ಹೇಳುತ್ತದೆ.

ನೋವಿದ್ದಾಗ ಕೆಲಸ ಮಾಡಬಹುದೇ ಎಂಬುದಕ್ಕೂ ಉತ್ತರ ಅಲ್ಲೇ ಸಿಗುತ್ತದೆ. ಮಾಡುವಾಗ ನೋವು ಹತ್ತರಲ್ಲಿ ಐದರವರೆಗೆ ಬಂದರೆ ಚಿಂತೆಯಿಲ್ಲ. ಮರುದಿನ ಬೆಳಿಗ್ಗೆ ಅದು ಹಿಂದಿನ ಮಟ್ಟಕ್ಕೆ ಇಳಿದಿರಬೇಕು; ವಾರದಿಂದ ವಾರಕ್ಕೆ ಬಿಗಿತ ಏರಬಾರದು. ಏರಿದರೆ ಭಾರ ಇಳಿಸಿ. ಪೂರ್ತಿ ನಿಲ್ಲಿಸುವುದು ಬೇಡ.

ವ್ಯಾಯಾಮ ಸರಳ, ಬೇಕಾದದ್ದು ತಾಳ್ಮೆ. ಮೊದಲ ವಾರಗಳಲ್ಲಿ ನೆಲದ ಮೇಲೆ ಎರಡೂ ಕಾಲಲ್ಲಿ ಎದ್ದು ಇಳಿಯುವುದು, ಹದಿನೈದರಂತೆ ಮೂರು ಸರದಿ. ಮುಂದೆ ಎರಡೂ ಕಾಲಲ್ಲಿ ಎದ್ದು ನೋವಿರುವ ಕಾಲೊಂದರಲ್ಲೇ ಇಳಿಯುವುದು. ಆಮೇಲೆ ಒಂದೇ ಕಾಲಲ್ಲಿ ಎದ್ದು ಇಳಿಯುವುದು. ಅದೂ ಸಲೀಸಾದಾಗ ಬೆನ್ನಿಗೆ ಚೀಲ ಹಾಕಿ ಅದರಲ್ಲಿ ಎರಡು ಕಿಲೋ ಅಕ್ಕಿ, ಆಮೇಲೆ ಐದು, ಆಮೇಲೆ ಹತ್ತು. ಮೂರು ಎಣಿಸುವಷ್ಟು ಹೊತ್ತು ಏರಿ, ಮೂರು ಎಣಿಸುವಷ್ಟು ಹೊತ್ತು ಇಳಿಯಿರಿ. ಮೊಣಕಾಲು ನೇರ ಇಟ್ಟೂ ಮಾಡಬೇಕು, ಸ್ವಲ್ಪ ಬಾಗಿಸಿಯೂ ಮಾಡಬೇಕು. ಮೀನಖಂಡದ ಒಳಪದರದ ಸ್ನಾಯು ಬಾಗಿಸಿದಾಗಲೇ ಚೆನ್ನಾಗಿ ದುಡಿಯುತ್ತದೆ. ನಡುಭಾಗದ ನೋವಿನವರು ಮೆಟ್ಟಿಲ ಅಂಚಿನಲ್ಲಿ ಹಿಮ್ಮಡಿ ಕೆಳಗಿಳಿಸಬಹುದು. ಮೂಳೆಗಂಟಿದ ಜಾಗದ ನೋವಿನವರು ಸಮನೆಲದಲ್ಲೇ ಮಾಡಲಿ, ಚಪ್ಪಲಿಯೊಳಗೆ ಒಂದು ಸೆಂಟಿಮೀಟರ್ ಎತ್ತರದ ಹಿಮ್ಮಡಿ ಪ್ಯಾಡ್ ಇಟ್ಟುಕೊಳ್ಳಲಿ. ಮಳೆಗಾಲದಲ್ಲಿ ಅಂಗಳದ ಚಿರೆಕಲ್ಲಿನ ಮೆಟ್ಟಿಲು ಪಾಚಿಗಟ್ಟಿ ಜಾರುತ್ತದೆ. ಮನೆಯೊಳಗಿನ ಮೆಟ್ಟಿಲೋ ಹೊಸ್ತಿಲೋ ಕ್ಷೇಮ.

ದಿನವೂ ಮಾಡಬೇಕೇ? ಡೆನ್ಮಾರ್ಕ್‌ನಲ್ಲಿ 2015ರಲ್ಲಿ ಎರಡು ಕ್ರಮಗಳನ್ನು ಹೋಲಿಸಿದರು. ಒಂದು, ಆಲ್ಫ್ರೆಡ್ಸನ್ ಹೇಳಿದ ದಿನಕ್ಕೆರಡು ಹೊತ್ತಿನದು. ಇನ್ನೊಂದು, ವಾರಕ್ಕೆ ಮೂರೇ ದಿನ ಹೆಚ್ಚು ಭಾರ ಹೊತ್ತು ನಿಧಾನವಾಗಿ ಮಾಡುವುದು. ವರ್ಷದ ಕೊನೆಗೆ ಫಲ ಎರಡರದೂ ಒಂದೇ. ದುಡಿಯುವವರಿಗೆ ನಾನು ಎರಡನೆಯದನ್ನೇ ಹೇಳುತ್ತೇನೆ. ಭಾರ ಹೊತ್ತ ಮೇಲೆ ನರದೊಳಗೆ ಒಂದು ದಿನದ ಮಟ್ಟಿಗೆ ಸವೆತವೇ ಹೆಚ್ಚಿದ್ದು, ಕಟ್ಟುವ ಕೆಲಸ ಆಮೇಲೆ ಮುಂದಾಗುತ್ತದೆ. ನಡುವಿನ ಬಿಡುವು ಅದಕ್ಕೆ ಬೇಕು. ಡೆನ್ಮಾರ್ಕ್‌ನ ಸಂಶೋಧಕರೇ 2013ರಲ್ಲಿ ಇನ್ನೊಂದು ಬೆರಗಿನ ಸಂಗತಿ ಕಂಡುಕೊಂಡರು: ಈ ನರದ ಒಳತಿರುಳು ಹದಿನೇಳರ ವಯಸ್ಸಿನ ಬಳಿಕ ಹೊಸದಾಗುವುದೇ ಇಲ್ಲವೆನ್ನಬಹುದು. ದೋಣಿಯ ಹಳೆಯ ಹಗ್ಗದಲ್ಲಿ ಸವೆದ ಎಳೆ ಹಾಗೇ ಇದ್ದು ಸುತ್ತಲಿನ ಎಳೆಗಳು ಭಾರ ಹೊರುವಂತೆ, ಇಲ್ಲೂ ಗಟ್ಟಿಯಿರುವ ಭಾಗ ಹೆಚ್ಚು ಹೊರಲು ಕಲಿಯಬೇಕು. ಎಣ್ಣೆ ತಿಕ್ಕಿ ಬಿಸಿನೀರು ಹಾಕಿದರೆ ಹಾಯೆನಿಸುತ್ತದೆ, ಹಾಕಿಕೊಳ್ಳಿ. ಬಲ ಬರುವುದು ಭಾರದಿಂದ.

ಹನ್ನೆರಡು ವಾರದ ಕೊನೆಗೆ ನೋಟ್‌ಬುಕ್ ತೆರೆಯಿರಿ. ಬೆಳಗಿನ ಅಂಕ ಇಳಿದು ಎಣಿಕೆ ಏರಿದ್ದರೆ, ನೋವು ಪೂರ್ತಿ ಹೋಗಿರದಿದ್ದರೂ, ದಾರಿ ಸರಿಯಿದೆ, ಮುಂದುವರಿಸಿ. ಎಣಿಕೆ ಏರಿ ನೋವು ಹಾಗೇ ಇದ್ದರೆ ನಿಮ್ಮ ದಿನದ ದುಡಿಮೆಯಲ್ಲೇ ಭಾರ ಹೆಚ್ಚಾಗುತ್ತಿದೆಯೇ ನೋಡಿ. ಎರಡೂ ಅಲುಗಿರದಿದ್ದರೆ ರೋಗ ಇದೇ ಹೌದೇ ಎಂದು ಮತ್ತೆ ಪರೀಕ್ಷೆಯಾಗಬೇಕು. ಶಸ್ತ್ರಚಿಕಿತ್ಸೆಯ ಮಾತು ಕನಿಷ್ಠ ಆರು ತಿಂಗಳ ಸರಿಯಾದ ವ್ಯಾಯಾಮದ ಬಳಿಕ. ನಿಮ್ಮದೇ ರಕ್ತ ತೆಗೆದು ಚುಚ್ಚುವ ಪಿಆರ್‌ಪಿ ಚಿಕಿತ್ಸೆಗೆ ಸಾವಿರಗಟ್ಟಲೆ ಖರ್ಚು ಮಾಡುವ ಮೊದಲು ಯೋಚಿಸಿ. ನೆದರ್‌ಲ್ಯಾಂಡ್ಸ್‌ನಲ್ಲಿ 2010ರಲ್ಲಿ, ಬ್ರಿಟನ್ನಿನಲ್ಲಿ 2021ರಲ್ಲಿ ನಡೆದ ಪ್ರಯೋಗಗಳಲ್ಲಿ ಅದು ಹುಸಿ ಚುಚ್ಚುಮದ್ದಿಗಿಂತ ಮೇಲೆಂದು ಕಂಡುಬರಲಿಲ್ಲ.

ನಮ್ಮ ಕರಾವಳಿಯ ಕ್ಯಾಲೆಂಡರನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಿ. ಯಾಂತ್ರಿಕ ಮೀನುಗಾರಿಕೆಗೆ ಜೂನ್ 1ರಿಂದ ಜುಲೈ 31ರವರೆಗೆ 61 ದಿನ ನಿಷೇಧ. ಅಷ್ಟು ದಿನ ಕೂತ ಕಾಲು ಆಗಸ್ಟ್ 1ಕ್ಕೆ ಒಮ್ಮೆಲೇ ದೋಣಿ ಏರುತ್ತದೆ. ಈ ನರಕ್ಕೆ ಇಂಥ ಹಠಾತ್ ಏರಿಕೆಯಷ್ಟು ಕೆಟ್ಟದ್ದು ಇನ್ನೊಂದಿಲ್ಲ. ಹನ್ನೆರಡು ವಾರ ಸಿಗಬೇಕಾದರೆ ಮೇ ಎರಡನೇ ವಾರವೇ ವ್ಯಾಯಾಮ ಶುರುವಾಗಬೇಕು. ಸುಗ್ಗಿ ಕುಣಿಯುವವರು ಮಾಗಿಯಲ್ಲೇ, ಮೇಳಕ್ಕೆ ಹೊರಡುವ ಕಲಾವಿದರು ಮಳೆಗಾಲದಲ್ಲೇ ಕಾಲಿಗೆ ಬಲ ತುಂಬಿಕೊಳ್ಳಬೇಕು. ನೇಮಕಾತಿಗೆ ಓಡುವ ತಮ್ಮಂದಿರು ತಂಗಿಯರಿಗೆ ಒಂದು ಮಾತು: ಹಿಮ್ಮಡಿ ಹೂಳುವ ಒಣಮರಳು ಬೇಡ, ದಡದ ಇಳಿಜಾರಿನಲ್ಲಿ ಒಂದೇ ದಿಕ್ಕಿಗೆ ಓಡುವುದೂ ಬೇಡ. ಇಳಿತದ ಹೊತ್ತಿನ ಗಟ್ಟಿ ಹಸಿಮರಳಿನಲ್ಲಿ ನಡಿಗೆ–ಓಟ ಬೆರೆಸಿ, ದಿನ ಬಿಟ್ಟು ದಿನ ಓಡಿ.

ಕೆಲವು ಲಕ್ಷಣಗಳಿಗೆ ಮಾತ್ರ ಹನ್ನೆರಡು ವಾರ ಕಾಯಬಾರದು. ಬೆಳಗಿನ ಬಿಗಿತ ಅರ್ಧ ಗಂಟೆ ಮೀರಿ ಇರುತ್ತದೆ, ಎರಡೂ ಹಿಮ್ಮಡಿ ನೋಯುತ್ತವೆ, ಜೊತೆಗೆ ಸೊಂಟನೋವೋ ಸೋರಿಯಾಸಿಸ್ಸೋ ಇದೆ ಎಂದಾದರೆ ಅದು ಸಂಧಿವಾತದ ಬಗೆಯಿರಬಹುದು. ಎರಡೂ ಕಾಲಿನ ನರದಲ್ಲಿ ಗಟ್ಟಿ ಗಂಟುಗಳಿದ್ದು, ಮನೆಯಲ್ಲಿ ಎಳೆ ವಯಸ್ಸಿಗೇ ಹೃದಯಾಘಾತವಾದವರಿದ್ದರೆ ಕೊಲೆಸ್ಟರಾಲ್ ಪರೀಕ್ಷೆ ಮಾಡಿಸಿ. ಮೀನಖಂಡ ಊದಿ ಬಿಸಿಯಾದರೆ ರಕ್ತ ಹೆಪ್ಪುಗಟ್ಟಿರಬಹುದು, ಅಂದೇ ತೋರಿಸಿ. ಇನ್ನು, ಹಿಂದಿನಿಂದ ಯಾರೋ ಒದ್ದಂತಾಗಿ ಟಪ್ಪೆಂದು ಸದ್ದಾಗಿ, ಮುಂಗಾಲ ಮೇಲೆ ಏಳಲಾಗದಿದ್ದರೆ ನರ ಹರಿದಿದೆ ಎಂದೇ ತಿಳಿಯಿರಿ. ನೋವು ಕಡಿಮೆಯಿದೆ, ಹೇಗೋ ನಡೆಯಲಾಗುತ್ತಿದೆ ಎಂದು ಉಳುಕಿನ ಪಟ್ಟು ಹಾಕಿಸಿಕೊಂಡು ಮನೆಯಲ್ಲಿ ಕೂರಬೇಡಿ. ಹರಿದ ನರಕ್ಕೆ ವಾರಗಳು ಕಳೆದಷ್ಟೂ ಚಿಕಿತ್ಸೆ ಕಷ್ಟ. ಅಂಕೋಲಾ ತಾಲೂಕು ಆಸ್ಪತ್ರೆಗೋ, ಕಾರವಾರದ ಕ್ರಿಮ್ಸ್ ಆಸ್ಪತ್ರೆಯ ಎಲುಬು–ಕೀಲು ವಿಭಾಗಕ್ಕೋ ಅದೇ ದಿನ ಹೋಗಿ.